ಉತ್ಖನನಕ್ಕೆ ಯಾವ ಕರಣೆ: ಡಬ್ಲ್ಯೂಎಚ್‌ಎಸ್ ನಾಲ್ಕಿಂಚು, ಮಾರ್ಷಲ್‌ಟೌನ್ ಐದಿಂಚು, ನಮ್ಮೂರ ಗಾರೆ ಕರಣೆ

ಪುರಾತತ್ವ ಉತ್ಖನನದಲ್ಲಾಗಲಿ, ಹೂತಿಟ್ಟ ಶವವನ್ನು ಹೊರತೆಗೆಯುವ ವಿಧಿವಿಜ್ಞಾನದ ಕೆಲಸದಲ್ಲಾಗಲಿ ಪಿಕಾಸಿ, ಸಲಿಕೆ, ಬಾಂಡ್ಲಿಗಳು ಮಣ್ಣು ತೆಗೆಯುವುದಕ್ಕಷ್ಟೇ ಇವೆ. ಸಾಕ್ಷ್ಯ ಸಿಗುವುದು ಕರಣೆಯ ಅಂಚಿಗೆ. ಆದ್ದರಿಂದ ಪುರಾತತ್ವದ ವಿದ್ಯಾರ್ಥಿಗಳು ಮೊದಲು ಹಣ ಹಾಕಬೇಕಾದದ್ದು ಕರಣೆಗೇ.

ಇಲ್ಲಿ ನೋಡಿರುವುದು ಮೂರು ಕರಣೆಗಳನ್ನು. ಮೊದಲನೆಯದು ಬ್ರಿಟನ್ನಿನ ಉತ್ಖನನಕಾರರ ಕೈಲಿ ಸದಾ ಕಾಣುವ, ತಯಾರಕರ ಹೆಸರಿನಿಂದಲೇ ಕರೆಯುವ ಡಬ್ಲ್ಯೂಎಚ್‌ಎಸ್ ನಾಲ್ಕಿಂಚು. ಇದರ ಅಲಗು ಮತ್ತು ಕತ್ತು ಒಂದೇ ಉಕ್ಕಿನ ತುಂಡಿನಿಂದ ಬಡಿದು ಮಾಡಿದ್ದು; ಗಾತ್ರ ಚಿಕ್ಕದು, ಅಲಗು ದಪ್ಪ. ಎರಡನೆಯದು ಅಮೆರಿಕದವರ ನೆಚ್ಚಿನ ಮಾರ್ಷಲ್‌ಟೌನ್ 45-5. ಅಲಗು 5 ಇಂಚು ಉದ್ದ, ಎರಡೂವರೆ ಇಂಚು ಅಗಲ. ಇದೂ ಒಂದೇ ತುಂಡಿನದು, ಆದರೆ ಅಲಗು ತುಸು ತೆಳು, ಮೂಲೆಗಳು ಚೂಪು. ಮೂರನೆಯದು ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಗಾರೆ ಕರಣೆ. ಇದರಲ್ಲಿ ತಗಡಿನ ಅಲಗಿಗೆ ಕತ್ತನ್ನು ವೆಲ್ಡ್ ಮಾಡಿಯೋ ರಿವೆಟ್ ಹೊಡೆದೋ ಕೂರಿಸಿರುತ್ತಾರೆ. ಗಟ್ಟಿ ಗರಸಿನಲ್ಲಿ ಒತ್ತಿ ಎಳೆದರೆ ಮುರಿಯುವುದು ಆ ಬೆಸುಗೆಯೇ.

ಮುರಿಯುವುದಕ್ಕಿಂತ ಬಾಗುವುದು ದೊಡ್ಡ ದೋಷ. ಯಾರೇ ಗುಂಡಿ ತೋಡಿ ಮುಚ್ಚಿದರೂ ಮಣ್ಣನ್ನು ಮೊದಲಿದ್ದ ಪದರಗಳ ಕ್ರಮದಲ್ಲಿ ಮರಳಿ ತುಂಬಲಾಗದು. ಮೇಲಿನದು ಕೆಳಗಿನದು ಕಲಸಿಹೋಗುತ್ತದೆ. ತುಂಬಿದ ಮಣ್ಣು ಸಾಮಾನ್ಯವಾಗಿ ಸುತ್ತಲಿನದಕ್ಕಿಂತ ಸಡಿಲ, ಬಣ್ಣ ಬೇರೆ, ತೇವ ಹಿಡಿಯುವ ರೀತಿಯೂ ಬೇರೆ. ಮೂರು ಸಾವಿರ ವರ್ಷದ ಹಿಂದೆ ಗುಡಿಸಲಿನ ಕಂಬ ನೆಟ್ಟ ಕುಳಿಗೂ ಕೊಲೆಗಾರ ಹೆಣ ಹೂತ ಗುಂಡಿಗೂ ಇದೇ ನಿಯಮ. ಆ ಗುಂಡಿಯ ಅಂಚು ಕಣ್ಣಿಗೆ ಕಾಣುವ ಮೊದಲೇ ಕೈಗೆ ತಿಳಿಯುತ್ತದೆ: ಕೆರೆಯುತ್ತಿದ್ದ ಅಲಗು ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಸದ್ದು ಬದಲಾಗುತ್ತದೆ. ಬಾಗುವ ಅಲಗು ಈ ಸುಳಿವನ್ನು ತಾನೇ ನುಂಗಿಬಿಡುತ್ತದೆ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕಲ್ಲುಕೊಡಲಿಯವರು, ಬೃಹತ್ ಶಿಲಾ ಸಮಾಧಿಯವರು, ಆಂಧ್ರ ಅಂದರೆ ಸಾತವಾಹನರ ಕಾಲದವರು ಎಂದು ಮೂರು ಸಂಸ್ಕೃತಿಗಳನ್ನು ಬೇರ್ಪಡಿಸಿದ್ದು ಇಂಥ ಪದರಗಳ ಗಡಿ ಓದಿಯೇ. ಮಡಕೆ ಚೂರಿಗೆ ಬೆಲೆ ಬರುವುದು ಅದು ಯಾವ ಪದರದ್ದು ಎಂಬುದು ಗೊತ್ತಿದ್ದಾಗ. ನಿಧಿಯಾಸೆಗೆ ದೇಗುಲದ ಗರ್ಭಗುಡಿ ಅಗೆಯುವವರು ಒಂದೂ ವಸ್ತು ಒಯ್ಯದೆ ಹೋದರೂ ಈ ಪದರಗಳನ್ನು ಕೊಂದೇ ಹೋಗುತ್ತಾರೆ. ಅದು ಮತ್ತೆ ಕೂಡಿಸಲಾಗದ ನಷ್ಟ.

ಬಿಗಿತದಲ್ಲಿ ಡಬ್ಲ್ಯೂಎಚ್‌ಎಸ್ ಸ್ಪಷ್ಟವಾಗಿ ಮುಂದಿದೆ. ಗಟ್ಟಿ ಕೆಮ್ಮಣ್ಣು, ಗರಸು, ತುಳಿದು ಗಟ್ಟಿಯಾದ ಮನೆಯ ನೆಲ, ಇವೆಲ್ಲಕ್ಕೂ ಅದೇ ಸರಿ. ಚಿಕ್ಕದಾದ್ದರಿಂದ ಕಂಬದ ಕುಳಿಯೊಳಗೂ ತಿರುಗುತ್ತದೆ. ಬೂದಿದಿಬ್ಬದ (ನವಶಿಲಾಯುಗದವರು ಸೆಗಣಿ ಸುಟ್ಟು ಉಳಿದ ಬೂದಿಯ ಗುಡ್ಡೆ) ಸಡಿಲ ಬೂದಿಯಲ್ಲಿ, ಮರಳಿನಲ್ಲಿ, ಕುಳಿಯ ಗೋಡೆಯನ್ನು ನೇರಗೊಳಿಸುವಾಗ ಮಾತ್ರ ಮಾರ್ಷಲ್‌ಟೌನ್ ಮೇಲು. ಅದರ ಉದ್ದ ಅಂಚು ಒಂದೇ ಎಳೆತಕ್ಕೆ ಹೆಚ್ಚು ಮೈ ಸವರುತ್ತದೆ, ಚೂಪು ಮೂಲೆಯಿಂದ ಗೋಡೆ ಮತ್ತು ನೆಲ ಕೂಡುವ ಜಾಗ ಚೊಕ್ಕವಾಗುತ್ತದೆ.

ಎರೆಮಣ್ಣಿಗೆ ಯಾವ ಕರಣೆಯೂ ಪೂರ್ತಿ ಒಗ್ಗದು. ಒದ್ದೆಯಾದರೆ ಅಲಗಿಗೆ ಮೆತ್ತಿ, ಎಳೆದಲ್ಲೆಲ್ಲ ಸಾರಿಸಿದ ಹಾಗಾಗಿ ಗಡಿ ಮುಚ್ಚಿಹೋಗುತ್ತದೆ. ಪೂರ್ತಿ ಒಣಗಿದರೆ ಕಲ್ಲು, ಜೊತೆಗೆ ಬಿರುಕು. ಆ ಬಿರುಕಿನೊಳಗೆ ಮೇಲಿನ ಪದರದ ಮಣಿಯೋ ಇದ್ದಿಲೋ ಕೆಳಗಿನ ಪದರಕ್ಕೆ ಜಾರಿ ಕಾಲನಿರ್ಣಯವನ್ನೇ ದಾರಿ ತಪ್ಪಿಸುತ್ತದೆ. ಹಾಗಾಗಿ ಎರೆಯಲ್ಲಿ ಮೊದಲು ಬಿರುಕು ಗುರುತಿಸಿ, ಅದರ ಮಣ್ಣನ್ನು ಪ್ರತ್ಯೇಕ ತೆಗೆದು, ಪ್ರತ್ಯೇಕ ಚೀಲಕ್ಕೆ ಹಾಕಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಕೈಗೆ ಅಂಟದಷ್ಟು ತೇವವಿರುವಾಗ ಕೆರೆಯುವುದು ಒಳ್ಳೆಯದು.

ಬಳಸುವ ಬಗೆ ಮೂರಕ್ಕೂ ಒಂದೇ. ತುದಿಯಿಂದ ಚುಚ್ಚಬೇಡಿ, ಪಕ್ಕದ ಅಂಚನ್ನು ನೆಲಕ್ಕೆ ಓರೆಯಾಗಿಟ್ಟು ನಿಮ್ಮ ಕಡೆಗೆ ಎಳೆಯಿರಿ. ಚೊಕ್ಕಮಾಡಿದ ಜಾಗವನ್ನು ತುಳಿಯದಂತೆ ಹಿಂದೆ ಹಿಂದೆ ಸರಿಯಿರಿ. ಬಣ್ಣದ ವ್ಯತ್ಯಾಸ ಮಸುಕಾಗಿದ್ದರೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ, ಬಿಸಿಲಿಗೆ ನೆರಳು ಹಿಡಿದು ನೋಡಿ. ಒಂದು ಭಾಗ ಬೇಗ ಒಣಗಿ ಇನ್ನೊಂದು ತೇವವಾಗೇ ಉಳಿದರೆ ಗಡಿ ತಾನಾಗಿ ಎದ್ದು ಬರುತ್ತದೆ. ಗುಂಡಿ ಕಂಡೊಡನೆ ಪೂರ್ತಿ ಬಗೆಯದೆ ಅರ್ಧ ಮಾತ್ರ ತೆಗೆದು, ಕೊಯ್ದ ಮುಖದ ಚಿತ್ರ, ಅಳತೆ, ಫೋಟೋ ಮುಗಿಸಿ ಉಳಿದರ್ಧಕ್ಕೆ ಕೈ ಹಾಕಿ.

ಶವದ ಗುಂಡಿಯಲ್ಲಿ ಕರಣೆಗೆ ಮಿತಿಯಿದೆ. ಜಿಗುಟು ಮಣ್ಣಿನ ಗೋಡೆಯಲ್ಲಿ ಅಗೆದವನ ಸಲಿಕೆ, ಪಿಕಾಸಿಯ ಅಚ್ಚು ಉಳಿದಿರಬಹುದು, ಆ ಆಯುಧದೊಂದಿಗೆ ಅದನ್ನು ಹೋಲಿಸಿ ನೋಡಬಹುದು. ಗೋಡೆಯನ್ನು ನಯವಾಗಿ ಕೆರೆದರೆ ಆ ಸಾಕ್ಷ್ಯ ಹೋಯಿತು. ಹಾಗಾಗಿ ಗೋಡೆಯ ಹತ್ತಿರ ಬಂದಾಗ ತುಂಬಿದ ಮಣ್ಣು ತಾನೇ ಕಳಚುವಂತೆ ಒಳಗಿನಿಂದ ಬಿಡಿಸಬೇಕು. ಮೂಳೆ ಕಂಡಲ್ಲಿ ಕರಣೆ ಬದಿಗಿಟ್ಟು ಬಿದಿರಿನ ಸೀಳು ಮತ್ತು ಮೆತ್ತನೆಯ ಬ್ರಷ್ ಹಿಡಿಯಿರಿ. ಉಕ್ಕು ತಾಗಿದ ಗೀರನ್ನು ಚಾಕುವಿನ ಗಾಯವೆಂದು ತಪ್ಪು ತಿಳಿಯುವ ಅಪಾಯವಿದೆ. ಹಳೆಯ ಮೂಳೆಯಲ್ಲಿ ಹೊಸ ಗೀರು ಸುತ್ತಲಿನ ಮೈಗಿಂತ ತಿಳಿ ಬಣ್ಣಕ್ಕಿರುವುದರಿಂದ ಗುರುತು ಸಿಗುತ್ತದೆ, ಆದರೂ ನ್ಯಾಯಾಲಯದಲ್ಲಿ ಸಂಶಯಕ್ಕೆ ಅಷ್ಟೇ ಎಡೆ ಸಾಕು. ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಲೇಬೇಕು. ವಯಸ್ಕರ 206 ಮೂಳೆಗಳಲ್ಲಿ 106 ಕೈ ಮತ್ತು ಪಾದದವೇ. ಹಲ್ಲು, ಗುಂಡಿನ ಚೂರುಗಳಂತೆ ಇವೂ ಬಾಂಡ್ಲಿಯ ಮಣ್ಣಿನೊಂದಿಗೆ ಹೋಗಿಬಿಡುತ್ತವೆ. ಗುಂಡು ಸಿಕ್ಕರೆ ಲೋಹದ ಚಿಮಟ ಮುಟ್ಟಿಸಬೇಡಿ, ಬಂದೂಕಿನ ನಳಿಗೆ ಮೂಡಿಸಿದ ಗೀರುಗಳ ಮೇಲೆ ಹೊಸ ಗೀರು ಬೀಳುತ್ತದೆ.

ನಿರ್ವಹಣೆ ವಿಚಾರ. ಎರಡು ವಿದೇಶಿ ಕರಣೆಗಳೂ ತುಕ್ಕು ಹಿಡಿಯುವ ಉಕ್ಕಿನವು. ಸಂಜೆ ತೊಳೆದು ಒರೆಸಿ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಆದರೆ ಇಂಗಾಲ ಅಳೆದು ಕಾಲ ತಿಳಿಯುವ ರೇಡಿಯೋಕಾರ್ಬನ್ ಪರೀಕ್ಷೆಗೆ ಇದ್ದಿಲು ಎತ್ತುವ ದಿನ ಎಣ್ಣೆಯ ಪಸೆಯೂ ಉಳಿಯದಂತೆ ಸೋಪಿನಿಂದ ತೊಳೆಯಿರಿ, ಎಣ್ಣೆಯಲ್ಲಿರುವುದೂ ಇಂಗಾಲವೇ. ಇದ್ದಿಲನ್ನು ಬೆರಳಿಂದ ಮುಟ್ಟದೆ ಕರಣೆಯ ತುದಿಯಿಂದೆತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಹತ್ತಿ, ಕಾಗದ ಬೇಡ. ಅಂಚು ಮೊಂಡಾದರೆ ಚಪ್ಪಟೆ ಅರದಿಂದ ಒಂದೇ ಮಗ್ಗುಲಿಗೆ ಉಜ್ಜಿ. ಅರ ಹಾಕಿದಷ್ಟೂ ಅಲಗು ಸವೆಯುತ್ತದೆ. ಸವೆದು ಕಿರಿದಾದ ಹಳೇ ಡಬ್ಲ್ಯೂಎಚ್‌ಎಸ್ ಕರಣೆಯನ್ನು ಎಸೆಯಬೇಡಿ, ಇಕ್ಕಟ್ಟಿನ ಕುಳಿಗಳಿಗೆ ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಒಂದನ್ನೇ ಕೊಳ್ಳುವುದಾದರೆ ಡಬ್ಲ್ಯೂಎಚ್‌ಎಸ್ ಕೊಳ್ಳಿ. ಬೂದಿದಿಬ್ಬದ ಕೆಲಸವೇ ಹೆಚ್ಚಿದ್ದರೆ ಮಾರ್ಷಲ್‌ಟೌನ್. ದುಡ್ಡು ಸಾಲದಿದ್ದರೆ ಗಾರೆ ಕರಣೆಗಳಲ್ಲೇ ಆರಿಸಿ: ಅಲಗಿನ ತುದಿಯನ್ನು ಹಲಗೆಗೆ ಒತ್ತಿದಾಗ ಬಾಗದಿರಬೇಕು, ಕತ್ತಿನ ಬೆಸುಗೆ ಸುತ್ತಲೂ ತುಂಬಿರಬೇಕು, ಬರೀ ಚುಕ್ಕೆ ವೆಲ್ಡ್ ಆಗಿದ್ದರೆ ಬಿಟ್ಟುಬಿಡಿ. ಇನ್ನು ಕರಣೆ ಕೈಲಿದೆಯೆಂದು ಊರ ಹಾಳು ದಿಬ್ಬಕ್ಕೆ ಇಳಿಯುವಂತಿಲ್ಲ. ಪುರಾತತ್ವ ಉತ್ಖನನಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅನುಮತಿ ಬೇಕು, ಶವ ಹೊರತೆಗೆಯಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮನೆ ಪಾಯ ತೆಗೆಯುವಾಗ ನಾಣ್ಯ, ಆಭರಣದಂಥ ನಿಧಿ ಸಿಕ್ಕರೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಅಲ್ಲಿಯವರೆಗೆ ಅಗೆತ ನಿಲ್ಲಿಸಿ, ಸಿಕ್ಕ ಆಳವನ್ನು ಅಳೆದು ಬರೆದಿಡಿ.