ಗಲ್ಫಲ್ಲಿ ರನ್ನಿಂಗ್ ಅಂಗಡಿ ತಗೊಳ್ಳೋ ಮೊದ್ಲು ಲೈಸೆನ್ಸಲ್ಲಿ ಯಾರ ಹೆಸರುಂಟು ನೋಡಿ

ಹೋದ ವಾರ ನಮ್ಮ ದೊಡ್ಡಪ್ಪನ ಮೊಮ್ಮಗ ದುಬೈ ಹತ್ರದ ಅಜ್ಮಾನಿಂದ ಫೋನ್ ಮಾಡಿದ. ಒಂದು ಕೆಫೆಟೇರಿಯಾ ಸಿಗ್ತಾ ಉಂಟು ಚಿಕ್ಕಪ್ಪ, ರನ್ನಿಂಗ್ ಬಿಸಿನೆಸ್ಸು, ಈಗ ನಡೆಸ್ತಾ ಇರೋರು ಊರಿಗೆ ವಾಪಸ್ ಹೋಗ್ತಾರಂತೆ, ಅರಬಾಬ್ (ಲೈಸೆನ್ಸಿಗೆ ಹೆಸರು ಕೊಡೋ ಅಲ್ಲಿಯ ಪ್ರಜೆ) ತುಂಬಾ ಒಳ್ಳೆಯವ್ರಂತೆ, ವರ್ಷಕ್ಕೆ ಇಷ್ಟು ಅಂತ ಕೊಟ್ರೆ ಮತ್ತೆ ನಮ್ಮ ತಂಟೆಗೇ ಬರಲ್ವಂತೆ ಅಂದ. ಇದೇ ಮಾತು, ಹೆಚ್ಚು ಕಡಿಮೆ ಇದೇ ಶಬ್ದದಲ್ಲಿ, ನಾನು 2016ರಲ್ಲಿ ದುಬೈಯಲ್ಲಿ ಕೇಳಿದ್ದೆ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಇಷ್ಟು ವರ್ಷ ಇದನ್ನ ಮನೆಯವ್ರು ಬಿಟ್ರೆ ಯಾರ ಹತ್ರಾನೂ ಪೂರ್ತಿ ಹೇಳಿರ್ಲಿಲ್ಲ, ಈಗ ಬರೀತಾ ಇದ್ದೇನೆ, ಗಲ್ಫಲ್ಲಿ ಅಂಗಡಿ ಹಾಕ್ಬೇಕು ಅಂತ ಇರೋರು ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಕುಂದಾಪುರದ ಹತ್ರ. 2007ರಲ್ಲಿ ದುಬೈಗೆ ಹೋದವ, ಒಂಬತ್ತು ವರ್ಷ ಒಂದು ಕಂಪನಿಯ ಗೋಡೌನಲ್ಲಿ ಸ್ಟೋರ್ ಕೀಪರ್ ಆಗಿ ದುಡಿದೆ. ಎಷ್ಟು ದಿನ ಇನ್ನೊಬ್ರ ಕೈಕೆಳಗೆ ಅಂತ ಅನ್ನಿಸ್ತಾ ಇರೋವಾಗ ನಮ್ಮ ಕಡೆಯವ್ರೇ ಒಬ್ರು ಬಂದು ದುಬೈಯ ದೇರಾದಲ್ಲಿ ಒಂದು ಕೆಫೆಟೇರಿಯಾ ಉಂಟು ಅಂದ್ರು. ಒಂದು ದಿರ್ಹಮಿಗೆ ಕಡಕ್ ಚಾಯ್, ಪರೋಟ, ಸ್ಯಾಂಡ್‌ವಿಚ್, ಜ್ಯೂಸು, ರಾತ್ರಿ ಒಂದು ಗಂಟೆವರೆಗೂ ಗಿರಾಕಿ. ಕೇಳಿದ್ದು 1,80,000 ದಿರ್ಹಮ್. ಆಗ ಒಂದು ದಿರ್ಹಮಿಗೆ 18 ರೂಪಾಯಿ ಚಿಲ್ರೆ, ಅಂದ್ರೆ ಮೂವತ್ತೆರಡು ಮೂವತ್ಮೂರು ಲಕ್ಷ. ನನ್ನ ಉಳಿತಾಯ ಅರ್ಧ, ಭಾವನ ದುಡ್ಡು ಸ್ವಲ್ಪ, ಹೆಂಡ್ತಿ ಚಿನ್ನ ಊರಲ್ಲಿ ಸೊಸೈಟಿಲಿ ಅಡವಿಟ್ಟು ಬಾಕಿದು.

ಅಲ್ಲಿಯ ಕಾನೂನು ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ಬೇಕು. ಯುಎಇಲಿ 1984ರ ಕಂಪನಿ ಕಾನೂನಿಂದ ಹಿಡಿದು ತುಂಬಾ ವರ್ಷ ಇದ್ದ ನಿಯಮ ಎಂತ ಅಂದ್ರೆ, ಫ್ರೀ ಝೋನ್ ಅಂತ ಪರದೇಶದವ್ರಿಗೆ ಬಿಟ್ಟ ವಿಶೇಷ ವಲಯಗಳ ಹೊರಗೆ ಕಂಪನಿ ಮಾಡೋದಾದ್ರೆ 51 ಪರ್ಸೆಂಟ್ ಶೇರು ಅಲ್ಲಿಯ ಪ್ರಜೆಯ ಹೆಸರಲ್ಲಿ ಇರ್ಲೇಬೇಕು, ನಮಗೆ ಹೆಚ್ಚಂದ್ರೆ 49. 2015ರಲ್ಲಿ ಹೊಸ ಕಾನೂನು ಬಂದಾಗ್ಲೂ ಆ 51 ಹಾಗೇ ಇತ್ತು. ಆದ್ರೂ ಎಲ್‌ಎಲ್‌ಸಿ, ಅಂದ್ರೆ ಪಾಲುದಾರರ ಲಿಮಿಟೆಡ್ ಕಂಪನಿ, ಮಾಡಿದ್ರೆ ಒಂದಿಷ್ಟು ಹಿಡಿತ ಇರ್ತಿತ್ತು, ಪಾಲುದಾರ ಅಂತ ನಿಮ್ಮ ಹೆಸರು ಕಾಗದದಲ್ಲಿ ಇರ್ತದೆ, ಮ್ಯಾನೇಜರ್ ಯಾರು, ಲಾಭ ಹೇಗೆ ಹಂಚೋದು ಅಂತ ಕಂಪನಿಯ ಮೆಮೊರಾಂಡಮಲ್ಲೇ, ಅಂದ್ರೆ ಸ್ಥಾಪನೆಯ ಕರಾರು ಪತ್ರದಲ್ಲೇ, ಬರೆಸ್ಬಹುದು, ಶೇರು 49 ಇದ್ರೂ ಲಾಭ ಅದಕ್ಕಿಂತ ಜಾಸ್ತಿ ಅಂತ ಹಾಕಿಸಿದವ್ರು ಇದ್ರು. ಆದ್ರೆ ಸಣ್ಣ ಅಂಗಡಿಯವ್ರು, ಗ್ರೋಸರಿ, ಕೆಫೆಟೇರಿಯಾದವ್ರು ತುಂಬಾ ಜನ ಖರ್ಚು ಕಡಿಮೆ ಅಂತ ಎಲ್‌ಎಲ್‌ಸಿನೇ ಮಾಡ್ತಿರ್ಲಿಲ್ಲ. ಲೈಸೆನ್ಸ್ ಪೂರ್ತಿ ಅರಬಾಬ್ ಹೆಸರಲ್ಲಿ, ಸೋಲ್ ಎಸ್ಟಾಬ್ಲಿಷ್‌ಮೆಂಟ್ ಅಂತ. ಅಂದ್ರೆ ಅಂಗಡಿ ನೂರಕ್ಕೆ ನೂರು ಅವ್ರದ್ದೇ, ನಾವು ಅದರೊಳಗೆ ದುಡ್ಡು ಹಾಕಿ ದುಡಿಯೋರು ಅಷ್ಟೆ.

ನಾನು ತಗೊಂಡದ್ದೂ ಅಂಥದ್ದೇ. ಮತ್ತೆ ನಾನು ನೋಡದೆ ತಗೊಂಡದ್ದಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ತೇನೆ. ಕ್ಯಾಶ್ ಕೌಂಟರಿನ ಹಿಂದೆ ಗೋಡೆಯಲ್ಲಿ ಲೈಸೆನ್ಸಿಗೆ ಫ್ರೇಮ್ ಹಾಕಿ ತೂಗುಹಾಕಿದ್ರು, ಎರಡೂ ಭಾಷೇಲಿ ಬರೆದಿತ್ತು, ಲೀಗಲ್ ಟೈಪ್ ಅಂತ ಇರೋ ಸಾಲಲ್ಲಿ ಸೋಲ್ ಎಸ್ಟಾಬ್ಲಿಷ್‌ಮೆಂಟ್, ಓನರ್ ಅಂತ ಅರಬಾಬ್ ಹೆಸರು. ನನ್ನ ಹೆಸರು ಎಲ್ಲಿ ಬರ್ತದೆ ಅಂತ ಕೇಳಿದ್ದಕ್ಕೆ ಮಧ್ಯಸ್ಥಿಕೆಯವ್ರು, ನಿಮ್ಮ ಹೆಸರು ಇದ್ರಲ್ಲಿ ಬರ್ತದೆ ಅಂತ ಬೇರೆ ಎರಡು ಹಾಳೆ ಕೊಟ್ರು. ಸೈಡ್ ಅಗ್ರಿಮೆಂಟು. ಅಂಗಡಿಯ ಸಾಮಾನು, ಗುಡ್‌ವಿಲ್ (ಅಂಗಡಿಯ ಹೆಸರಿಗಿರೋ ಬೆಲೆ), ಲಾಭ ಎಲ್ಲ ನನ್ನದು, ಅರಬಾಬಿಗೆ ಹೆಸರು ಕೊಟ್ಟದ್ದಕ್ಕೆ ವರ್ಷಕ್ಕೆ 12,000 ದಿರ್ಹಮ್ ಸ್ಪಾನ್ಸರ್ ಫೀ ಮಾತ್ರ ಅಂತ ಬರೆದು ಅವ್ರ ಸಹಿ, ನನ್ನ ಸಹಿ, ಇಬ್ರು ಸಾಕ್ಷಿ. ನೋಟರಿ ಮಾಡ್ಸುವ ಅಂದೆ. ಬೇಡ ಮಾರಾಯ್ರೆ, ಇದನ್ನೆಲ್ಲ ಅಲ್ಲಿಗೆ ತಗೊಂಡು ಹೋದ್ರೆ ಮಾಡಿಕೊಡಲ್ಲ, ಮತ್ತೆ ಅರಬಾಬಿಗೂ ಬೇಜಾರಾಗ್ತದೆ ಅಂದ್ರು.

ಅಲ್ಲೇ ನಾನು ಎದ್ದು ಬರ್ಬೇಕಿತ್ತು. ನೋಟರಿ ಮುಂದೆ ಇಡ್ಲಿಕ್ಕೆ ಆಗದ ಕಾಗದ ನಾಳೆ ಕೋರ್ಟ್ ಮುಂದೆ ಇಡ್ಲಿಕ್ಕೆ ಆಗ್ತದಾ? ಪರದೇಶದವ್ರು ಮಾಡ್ಲಿಕ್ಕೆ ಅನುಮತಿ ಇಲ್ಲದ ವ್ಯಾಪಾರಾನ ಲೋಕಲ್ ಹೆಸರಿನ ಹಿಂದೆ ಅಡಗಿಸಿ ಮಾಡೋದು ತಪ್ಪು ಅಂತಲೇ ಅಲ್ಲಿ 2004ರಲ್ಲಿ ಒಂದು ಫೆಡರಲ್ ಕಾನೂನು ಬಂದಿತ್ತು, 17ನೇ ನಂಬರಿನದ್ದು. ಅದು ನಂಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ ವಕೀಲರ ಆಫೀಸಲ್ಲಿ.

ಅರಬಾಬ್ ಬಗ್ಗೆ ಒಂದು ಕೆಟ್ಟ ಮಾತೂ ನಾನು ಹೇಳಲ್ಲ. ವಯಸ್ಸಾದವ್ರು, ಮೃದು ಮನುಷ್ಯ. ವರ್ಷಕ್ಕೊಮ್ಮೆ ಫೀ ತಗೊಂಡು ಅವ್ರ ಮನೆಗೆ ಹೋಗ್ತಿದ್ದೆ, ಮಜ್ಲಿಸಲ್ಲಿ, ಅಂದ್ರೆ ಅತಿಥಿಗಳ ಕೋಣೆಯಲ್ಲಿ, ಕೂರ್ಸಿ ತಾವೇ ಗಾವಾ (ಅರಬ್ ಕಾಫಿ) ಹಾಕಿಕೊಡ್ತಿದ್ರು, ಖರ್ಜೂರದ ತಟ್ಟೆ ಮುಂದಕ್ಕೆ ತಳ್ಳಿ ಮಕ್ಕಳು ಹೇಗಿದ್ದಾರೆ ಅಂತ ವಿಚಾರಿಸ್ತಿದ್ರು, ದುಡ್ಡಿನ ಕವರು ತೆಗೆದು ಲೆಕ್ಕ ಮಾಡಿದ್ದು ನಾನು ಒಂದು ಸಲಾನೂ ನೋಡಿಲ್ಲ. ಬ್ಯಾಂಕು, ಲೇಬರ್, ಇಮಿಗ್ರೇಷನ್ ಎಲ್ಲದಕ್ಕೂ ನಂಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ರು, ಅದು ಮಾತ್ರ ಸರಿಯಾಗಿ ನೋಟರಿ ಆದದ್ದು. ಮೂರು ವರ್ಷ ಅಂಗಡಿ ಚೆನ್ನಾಗಿಯೇ ನಡೀತು, ಸಾಲ ಅರ್ಧಕ್ಕಿಂತ ಜಾಸ್ತಿ ತೀರಿಸಿದೆ, ಆರು ಜನ ಹುಡುಗ್ರು ಕೆಲ್ಸಕ್ಕಿದ್ರು.

2019ರಲ್ಲಿ ಅರಬಾಬ್ ತೀರಿಹೋದ್ರು.

ಸುದ್ದಿ ಬಂದ ದಿನ ನಾನು ಹೋಗಿ ಅವ್ರ ಮಕ್ಕಳ ಕೈ ಹಿಡಿದು ಮಾತಾಡ್ಸಿ ಬಂದೆ, ನಿಜವಾಗ್ಲೂ ದುಃಖ ಆಗಿತ್ತು, ಅಂಗಡಿ ವಿಷಯ ತಲೇಲಿ ಇರ್ಲೇ ಇಲ್ಲ. ಆಮೇಲೆ ಒಂದು ದಿನ ಬ್ಯಾಂಕಿಗೆ ಹೋದ್ರೆ ಅಕೌಂಟ್ ಬ್ಲಾಕ್. ಓನರ್ ತೀರಿಹೋಗಿದ್ದಾರೆ, ವಾರಸುದಾರರ ಕೋರ್ಟ್ ಪತ್ರ ಬರೋವರೆಗೆ ಒಂದು ದಿರ್ಹಮೂ ತೆಗೀಲಿಕ್ಕೆ ಆಗಲ್ಲ ಅಂದ್ರು. ಪವರ್ ಆಫ್ ಅಟಾರ್ನಿ ಉಂಟಲ್ಲ ಅಂತ ತೋರಿಸಿದೆ. ಕೌಂಟರಲ್ಲಿದ್ದ ಹುಡುಗಿ ಅದನ್ನ ಬಿಚ್ಚಿಯೂ ನೋಡ್ಲಿಲ್ಲ, ಹಾಗೇ ನನ್ನ ಕಡೆ ವಾಪಸ್ ದೂಡಿದ್ಳು, ಕೊಟ್ಟವ್ರು ಸತ್ತ ದಿನವೇ ಇದೂ ಮುಗೀತು ಸರ್ ಅಂದ್ಳು. ಅದ್ರಲ್ಲಿ 47,000 ದಿರ್ಹಮ್ ಇತ್ತು, ಅಷ್ಟೂ ನಮ್ಮ ಬೆವರಿನ ದುಡ್ಡು. ಸೋಲ್ ಎಸ್ಟಾಬ್ಲಿಷ್‌ಮೆಂಟಲ್ಲಿ ಅಂಗಡಿ ಬೇರೆ ಓನರ್ ಬೇರೆ ಅಂತ ಇಲ್ಲ, ಅಂಗಡಿಯ ಅಕೌಂಟ್ ಅಂದ್ರೆ ಅವ್ರ ಸ್ವಂತ ಆಸ್ತಿ, ಸತ್ತ ಮೇಲೆ ಮಕ್ಕಳು ಹೆಂಡ್ತಿ ಎಲ್ರಿಗೂ ಪಾಲಾಗುವ ಆಸ್ತಿ. ಇದು ನಂಗೆ ಯಾರೂ ಹೇಳಿರ್ಲಿಲ್ಲ.

ಅಲ್ಲಿಂದ ಒಂದರ ಹಿಂದೆ ಒಂದು. ಸಹಿ ಮಾಡೋರೇ ಇಲ್ಲ ಅಂದ್ಮೇಲೆ ಹುಡುಗ್ರ ವೀಸಾ ರಿನ್ಯೂ ಆಗಲ್ಲ, ದಿನ ದಿನ ಫೈನ್ ಏರ್ತದೆ. ಲೈಸೆನ್ಸ್ ರಿನ್ಯೂವಲ್ ಬಂತು, ಅದೂ ಇಲ್ಲ. ಎಲ್ಲಕ್ಕಿಂತ ಹೆದ್ರಿಕೆ ಆದದ್ದು ಬಾಡಿಗೆ ಚೆಕ್ಕಿಂದು. ದುಬೈಲಿ ಬಾಡಿಗೆಗೆ ಮುಂಗಡ ತಾರೀಕಿನ ಚೆಕ್ ಕೊಡೋದು ರೂಢಿ, ಅಂಗಡಿಯ ಅಕೌಂಟಿಂದ ನಾನೇ ಸಹಿ ಮಾಡಿ ಕೊಟ್ಟ ಚೆಕ್ಕುಗಳು, ಮುಂದಿನದ್ದು ಬ್ಯಾಂಕಿಗೆ ಹೋಗಿ ಪಾಸಾಗದೆ ವಾಪಸ್ ಬಂತು. ಈಗ 2022ರ ಜನವರಿಯಿಂದ ಅಲ್ಲಿ ಆ ಕಾನೂನು ಬದಲಾಗಿದೆ, ದುಡ್ಡಿಲ್ಲದೆ ಚೆಕ್ ವಾಪಸಾದ್ರೆ ಹೆಚ್ಚಾಗಿ ಸಿವಿಲ್ ವಸೂಲಿ ಅಷ್ಟೆ. ಆಗ ಹಾಗಿರ್ಲಿಲ್ಲ, ಬೌನ್ಸ್ ಅಂದ್ರೆ ಪೊಲೀಸ್ ಕಂಪ್ಲೇಂಟು, ಸಹಿ ಮಾಡಿದವನ ಮೇಲೆ ಕ್ರಿಮಿನಲ್ ಕೇಸು. ಲಾಭ ತಗೊಳ್ಳಿಕ್ಕೆ ನನ್ನ ಹೆಸರಿಲ್ಲ, ಆದ್ರೆ ಚೆಕ್ಕಲ್ಲಿ ನನ್ನ ಸಹಿ ಉಂಟು. ಬಿಲ್ಡಿಂಗಿನವ್ರ ಕಾಲು ಹಿಡಿಯೋದೊಂದು ಬಾಕಿ, ಎರಡು ವಾರ ಟೈಮ್ ಕೇಳಿ, ಸ್ನೇಹಿತರ ಹತ್ರ ಕೈಸಾಲ ಮಾಡಿ ಕ್ಯಾಶ್ ಕಟ್ಟಿ ಆ ಚೆಕ್ ಬಿಡಿಸ್ಕೊಂಡೆ.

ವಾರಸುದಾರರು ಎಂಟು ಜನ, ಅದ್ರಲ್ಲಿ ಒಬ್ರು ಓದ್ಲಿಕ್ಕೆ ಅಂತ ಹೊರದೇಶದಲ್ಲಿ. ಕೋರ್ಟಿಂದ ವಾರಸಾ ಪತ್ರ ಬರ್ಲಿಕ್ಕೆ ತಿಂಗಳುಗಟ್ಲೆ ಆಯ್ತು. ಬಂದ ಮೇಲೆ ದೊಡ್ಡ ಮಗ ಕರೆಸಿ ಮಾತಾಡಿದ್ರು. ಅಪ್ಪ ಯಾವ ಕಾಗದಕ್ಕೆ ಸಹಿ ಮಾಡಿದ್ರೋ ನಮಗೆ ಗೊತ್ತಿಲ್ಲ, ಅಂಗಡಿ ನಮ್ಮ ಹೆಸರಿಗೆ ಬರ್ತಾ ಉಂಟು, ನೀವೇ ನಡೆಸೋದಾದ್ರೆ ವರ್ಷಕ್ಕೆ 70,000 ಕೊಡಿ ಇಲ್ಲಾಂದ್ರೆ ಬಿಟ್ಟುಬಿಡಿ ಅಂದ್ರು. ಬೈದು ಮಾತಾಡ್ಲಿಲ್ಲ, ಜೋರೂ ಮಾಡ್ಲಿಲ್ಲ. ಅವ್ರ ಜಾಗದಲ್ಲಿ ಕೂತು ನೋಡಿದ್ರೆ ಕಾನೂನಿನ ಪ್ರಕಾರ ಅವ್ರು ಹೇಳಿದ್ದು ಸರಿಯೇ, ಅದೇ ನಂಗೆ ಇವತ್ತಿಗೂ ಜೀರ್ಣ ಆಗದ ವಿಷಯ.

ವಕೀಲರು ಆ ಎರಡು ಹಾಳೆ ಓದಿ ನೇರವಾಗಿ ಹೇಳಿದ್ರು, ಇದನ್ನ ಇಟ್ಕೊಂಡು ಅಂಗಡಿ ಕೇಳ್ಲಿಕ್ಕೆ ಆಗಲ್ಲ, ಹಾಕಿದ ದುಡ್ಡು ವಾಪಸ್ ಕೊಡಿ ಅಂತ ಬೇಕಾದ್ರೆ ಕೇಳ್ಬಹುದು, ಕೋರ್ಟು ಲೆಕ್ಕ ನೋಡ್ಲಿಕ್ಕೆ ಎಕ್ಸ್‌ಪರ್ಟ್ ನೇಮಿಸ್ತದೆ, ಎಲ್ಲ ದಾಖಲೆ ಅರೇಬಿಕ್ಕಿಗೆ ಲೀಗಲ್ ಟ್ರಾನ್ಸ್‌ಲೇಷನ್ ಆಗ್ಬೇಕು, ಅದಕ್ಕೆಲ್ಲ ದುಡ್ಡುಂಟಾ, ಅಲ್ಲಿವರೆಗೆ ಇಲ್ಲಿ ಇರ್ಲಿಕ್ಕೆ ನಿಮ್ಗೆ ವೀಸಾ ಉಂಟಾ ಅಂದ್ರು. ನನ್ನ ವೀಸಾ ತೆಗೆದು ನೋಡಿದ್ರೆ ಅದ್ರಲ್ಲಿ ಕೆಲ್ಸ ಸೇಲ್ಸ್ ಸೂಪರ್‌ವೈಸರ್ ಅಂತ ಇತ್ತು. ನನ್ನದೇ ಅಂಗಡಿ ಅಂದ್ಕೊಂಡಲ್ಲಿ ಮೂರು ವರ್ಷ ನಾನು ಸಂಬಳದ ಆಳು ಅಂತ ಸರ್ಕಾರಿ ದಾಖಲೆ ಹೇಳ್ತಾ ಇತ್ತು.

ಕೊನೆಗೆ ಅವ್ರು ನಂಗೆ 35,000 ದಿರ್ಹಮ್ ಕೊಡೋದು, ನಾನು ಅಂಗಡಿ ಬಿಡೋದು ಅಂತ ಮಾತು ಮುಗೀತು. ಹುಡುಗ್ರ ಸಂಬಳ, ಫೈನು, ಕೈಸಾಲ ತೀರಿಸಿ ಊರಿಗೆ ಬರೋವಾಗ ನಾಲ್ಕು ಸಾವಿರ ದಿರ್ಹಮ್ ಕೈಲಿತ್ತು. ಸೊಸೈಟಿಲಿಟ್ಟ ಚಿನ್ನದಲ್ಲಿ ಎರಡು ಬಳೆ ಏಲಕ್ಕೆ ಹೋಯ್ತು. ಭಾವನ ದುಡ್ಡು ಇನ್ನೂ ಪೂರ್ತಿ ಕೊಟ್ಟಾಗಿಲ್ಲ. ಅವ್ರು ಇವತ್ತಿನವರೆಗೆ ಒಂದು ಸಲಾನೂ ಕೇಳಿಲ್ಲ, ಆದ್ರೆ ಮದುವೆ ಮುಂಜಿಯಲ್ಲಿ ಎದುರು ಸಿಕ್ಕಾಗ ನಂಗೆ ಅವ್ರ ಮುಖ ನೋಡಿ ಮಾತಾಡ್ಲಿಕ್ಕೆ ಕಷ್ಟ ಆಗ್ತದೆ.

ಈಗ ಕಾನೂನೇ ಬದಲಾಗಿದೆ, ಇದು ಮುಖ್ಯ. 2020ರ ಕೊನೆಗೆ ತಿದ್ದುಪಡಿ ಬಂತು, 2021ರ ಜೂನ್ 1ರಿಂದ ಯುಎಇಲಿ ಹೆಚ್ಚಿನ ವ್ಯಾಪಾರಕ್ಕೆ ಲೋಕಲ್ ಪಾಲುದಾರ ಬೇಡ, ಕಂಪನಿ ನೂರಕ್ಕೆ ನೂರು ನಿಮ್ಮ ಹೆಸರಲ್ಲೇ ಮಾಡ್ಬಹುದು. ದುಬೈ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಬಗೆಯ ವ್ಯಾಪಾರಕ್ಕೆ ಬಿಟ್ಟಿದ್ದಾರೆ. ಭದ್ರತೆ, ಬ್ಯಾಂಕು, ವಿಮೆ, ಟೆಲಿಕಾಂ, ಹಜ್ ಉಮ್ರಾ ಸರ್ವಿಸ್ ಇಂಥ ಕೆಲವಕ್ಕೆ ಮಾತ್ರ ಬೇರೆ ನಿಯಮ. ಹಾಗಿದ್ದೂ ಅರಬಾಬ್ ಹೆಸರಲ್ಲಿ ನಡೆಯೋ ಹಳೇ ಅಂಗಡಿಗಳನ್ನ ಹಾಗೇ ಕೈ ಬದಲಾಯಿಸ್ತಾರೆ, ಯಾಕಂದ್ರೆ ಹೊಸ ಲೈಸೆನ್ಸ್ ಮಾಡಿದ್ರೆ ಮಧ್ಯದವ್ರಿಗೆ ವರ್ಷ ವರ್ಷ ಸಿಗೋ ಕಮಿಷನ್ ಇಲ್ಲ. ಕಾನೂನು ಬದಲಾಗಿದ್ದೇ ಗೊತ್ತಿಲ್ಲದ ಹುಡುಗ್ರಿಗೆ ಇಲ್ಲಿ ಎಲ್ಲರದ್ದೂ ಹೀಗೇ ಅಂತ ಹೇಳಿ ಕೂರಿಸ್ತಾರೆ. ಫ್ರೀ ಝೋನ್ ಲೈಸೆನ್ಸ್ ಅಗ್ಗ, ಅದನ್ನ ಮಾಡ್ಕೊಂಡು ಪೇಟೆಯಲ್ಲಿ ಅಂಗಡಿ ಇಡಿ ಅಂತ ಹೇಳೋರೂ ಇದ್ದಾರೆ. ದುಬೈಯ ಜೆಬೆಲ್ ಅಲಿ ಥರದ ಫ್ರೀ ಝೋನ್ 1985ರಿಂದ ಉಂಟು, ಪೂರ್ತಿ ಮಾಲೀಕತ್ವ ಹೌದು, ಆದ್ರೆ ಆ ಲೈಸೆನ್ಸ್ ಒಂದನ್ನೇ ಹಿಡ್ಕೊಂಡು ಹೊರಗೆ ಪೇಟೆಯಲ್ಲಿ ಶಟರ್ ಎತ್ತಿ ಚಾ ಮಾರ್ಲಿಕ್ಕೆ ಆಗಲ್ಲ.

ಬೇರೆ ದೇಶಗಳಲ್ಲಿ ಬೇರೆ ಬೇರೆ. ಒಮಾನಲ್ಲಿ 2020ರಿಂದ ಹೊಸ ಹೂಡಿಕೆ ಕಾನೂನು ಉಂಟು, ಅಲ್ಲೂ ತುಂಬಾ ಕಡೆ ಪೂರ್ತಿ ಮಾಲೀಕತ್ವ ಸಿಗ್ತದೆ. ಸೌದಿಯಲ್ಲಿ ಮಾತ್ರ ಹುಷಾರು, ಸೌದಿಯವ್ರ ಹೆಸರಲ್ಲಿ ಪರದೇಶದವ್ರು ಅಂಗಡಿ ನಡೆಸೋದಕ್ಕೆ ತಸತ್ತುರ್ ಅಂತಾರೆ, 2020ರ ಕಾನೂನಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ, ಮೇಲಿಂದ ಗಡೀಪಾರು. ಅಲ್ಲಿ ದುಡ್ಡು ಹೋಗೋದು ಮಾತ್ರ ಅಲ್ಲ, ನೀವೂ ಒಳಗೆ.

ಯಾರಾದ್ರೂ ಅಂಗಡಿ ತೋರಿಸಿದ್ರೆ ಗಲ್ಲಾ ಎಷ್ಟಾಗ್ತದೆ ಅಂತ ಆಮೇಲೆ ಕೇಳಿ, ಮೊದ್ಲು ಲೈಸೆನ್ಸ್ ಕಾಪಿ ಕೇಳಿ, ಕೊಡಲ್ಲ ಅಂದ್ರೆ ಅಲ್ಲೇ ಬಿಡಿ. ನಿಮ್ಮ ಹೆಸರು ಪಾಲುದಾರ ಅಥವಾ ಓನರ್ ಅಂತ ಬರೋ ಹೊಸ ಲೈಸೆನ್ಸ್ ಆಗಿ, ಬಾಡಿಗೆ ಕರಾರು ಅದೇ ಹೆಸರಿಗೆ ಆಗೋವರೆಗೆ ಪೂರ್ತಿ ದುಡ್ಡು ಕೊಡ್ಬೇಡಿ, ಟೋಕನ್ ಅಂತ ಸ್ವಲ್ಪ ಕೊಟ್ರೂ ರಸೀದಿ ಇರ್ಲಿ. ಅರೇಬಿಕ್ ಗೊತ್ತಿಲ್ಲಾಂದ್ರೆ ಮಾರೋರ ಕಡೆಯವ್ರಲ್ಲದ, ನೀವೇ ಹುಡುಕಿದ ಅನುವಾದಕರ ಹತ್ರ ಓದಿಸಿ, ಯಾಕಂದ್ರೆ ಕೋರ್ಟಲ್ಲಿ ನಿಲ್ಲೋದು ಅರೇಬಿಕ್ ಬರಹವೇ, ಪಕ್ಕದಲ್ಲಿರೋ ಇಂಗ್ಲಿಷ್ ಅಲ್ಲ. ಎಲ್‌ಎಲ್‌ಸಿಯಲ್ಲಿ ಲೋಕಲ್ ಪಾಲುದಾರ ಇದ್ರೆ ಅವ್ರು ತೀರಿಹೋದ್ರೆ ಶೇರು ಯಾರಿಗೆ, ಮ್ಯಾನೇಜರ್ ಅಧಿಕಾರ ಯಾರಿಗೆ ಅಂತ ಮೆಮೊರಾಂಡಮಲ್ಲೇ ಬರೆಸಿ. ಸಾವಿನ ಮಾತು ಎತ್ತೋದು ಹೇಗೆ, ತಪ್ಪು ತಿಳ್ಕೊಂಡಾರು ಅಂತ ನಾನು ಸುಮ್ನಿದ್ದೆ.

ಅಜ್ಮಾನಿಂದ ಫೋನ್ ಮಾಡಿದ ಹುಡುಗನಿಗೆ ಲೈಸೆನ್ಸ್ ಫೋಟೋ ಕಳ್ಸು ಅಂದಿದ್ದೆ. ಮೂರು ದಿನ ಅವ್ರು ಕೊಡ್ಲಿಲ್ಲ, ಕೊನೆಗೆ ಅಂಗಡಿಗೇ ಹೋಗಿ ಒಂದು ಚಾ ಕುಡಿದು ಗೋಡೆಯಲ್ಲಿರೋದ್ರ ಫೋಟೋ ತೆಗೆದು ಕಳಿಸಿದ. ಕನ್ನಡಕ ಹಾಕಿ ದೊಡ್ಡದು ಮಾಡಿ ನೋಡಿದೆ, ಅದೇ ಸೋಲ್ ಎಸ್ಟಾಬ್ಲಿಷ್‌ಮೆಂಟು. ಟೋಕನ್ ಕೊಟ್ಟಿದ್ದೀಯಾ ಅಂದೆ, ಇಲ್ಲ ಚಿಕ್ಕಪ್ಪ, ಶುಕ್ರವಾರ ಬನ್ನಿ ಅಂದಿದ್ದಾರೆ ಅಂದ. ಹೋಗ್ಬೇಡ ಅಂತ ಹೇಳಿದ್ದೇನೆ. ಅವನಪ್ಪನಿಗೂ ಫೋನ್ ಮಾಡಿ ಹೇಳಿದ್ದೇನೆ.