ಅಮ್ಮನ ತಿಥಿಯ ಆರು ಸಾವಿರ: ನಾಲ್ಕು ಕಡೆ ಕೊಟ್ಟು ನೋಡಿದೆ

ಅಮ್ಮನ ತಿಥಿಗೆ ಪ್ರತಿವರ್ಷ ನಲವತ್ತು ಜನಕ್ಕೆ ಊಟ ಹಾಕಿಸುತ್ತಿದ್ದೆವು. ಬರುವವರಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ವಡೆ, ಪಾಯಸ ಹಾಗೇ ಉಳಿಯುತ್ತಿತ್ತು. ಈಗ ಊಟ ಮನೆಯವರಿಗಷ್ಟೇ. ಮಿಕ್ಕುವ ಆರು ಸಾವಿರವನ್ನು ಎರಡು ವರ್ಷದಿಂದ ಬೇರೆ ಬೇರೆ ಕಡೆ ಕೊಟ್ಟು ನೋಡುತ್ತಿದ್ದೇನೆ.

ಎಲ್ಲಕ್ಕಿಂತ ಸುಲಭ ಮೈಸೂರು ಮೃಗಾಲಯದ ದತ್ತು ಯೋಜನೆ. ಆನೆ, ಹುಲಿ ಎಂದರೆ ಲಕ್ಷದ ಮಾತು, ಸಣ್ಣ ಹಕ್ಕಿಗಳು ನಮ್ಮಂಥವರ ಕೈಗೂ ಎಟಕುತ್ತವೆ. ಪ್ರಮಾಣಪತ್ರ ಬರುತ್ತದೆ, ತೆರಿಗೆ ವಿನಾಯಿತಿಗೆ ಬೇಕಾದ ರಸೀದಿಯೂ ಸಿಗುತ್ತದೆ. (ಈ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2000 ರೂಪಾಯಿ ಮೀರಿದ ನಗದು ಲೆಕ್ಕಕ್ಕೆ ಬರಲ್ಲ.) 1892ರ ಮೃಗಾಲಯ, ಹೆಚ್ಚುಕಮ್ಮಿ ಗೇಟಿನ ದುಡ್ಡಲ್ಲೇ ನಡೆಯುವಂಥದ್ದು. 2020ರಲ್ಲಿ ಕೊರೋನಾಗೆ ಬಾಗಿಲು ಹಾಕಿದಾಗ ದಾನಿಗಳೇ ಕೈ ಹಿಡಿದರು. ಹಾಗಾಗಿ ದುಡ್ಡು ದಂಡವಲ್ಲ. ಆದರೆ ಮೊಮ್ಮಗಳು “ತಾತ, ನಮ್ಮ ಹಕ್ಕಿ ಯಾವುದು?” ಅಂದಳು. ಎಲ್ಲವೂ ಒಂದೇ ಥರ. ಯಾವುದನ್ನ ತೋರಿಸಲಿ!

ಬೀದಿನಾಯಿಗಳ ಆಶ್ರಯವೊಂದಕ್ಕೂ ಕೊಟ್ಟೆ. ಹೆಸರು ಬೇಡ. ಹತ್ತು ಕೆಜಿ ಅಕ್ಕಿ, ಎರಡು ಡಬ್ಬ ಬಿಸ್ಕತ್ತು ಹೊತ್ತುಕೊಂಡು ಹೋದರೆ ಅಲ್ಲಿ ಬಿಸ್ಕತ್ತಿನ ಗುಡ್ಡೆಯೇ ಇತ್ತು. ಬೇಕಾಗಿದ್ದದ್ದು ಗಾಯದ ಔಷಧಿ, ಬ್ಯಾಂಡೇಜು. ಫೋನಲ್ಲಿ ಕೇಳಿದಾಗ ಒಂದು ಮಾತು ಹೇಳಬಹುದಿತ್ತಲ್ವಾ? ಕೊಟ್ಟ ದುಡ್ಡಿನ ರಸೀದಿ ಇನ್ನೂ ಬಂದಿಲ್ಲ.

ನನ್ನ ಮನಸ್ಸು ನಿಂತದ್ದು ಕೊಕ್ಕರೆ ಬೆಳ್ಳೂರಿನಲ್ಲಿ. ಮದ್ದೂರು ತಾಲ್ಲೂಕು, ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆಮರ, ಅರಳಿಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅಂತ ಊರವರು ನೋಡಿಕೊಳ್ಳುತ್ತಾರೆ. ಹುಣಸೆಹಣ್ಣಿನ ಆಸೆ ಬಿಡುತ್ತಾರೆ, ಮರದಡಿ ಬಿದ್ದ ಹಿಕ್ಕೆ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯಾಯಿತು. ಅದಕ್ಕೂ ಮೊದಲೇ ಇಲ್ಲಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡಿದ್ದರು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. ನಾನು ಜೇಬಿಗೆ ಕೈಹಾಕಿದೆ. ಜಗಲಿ ಮೇಲಿದ್ದ ಅಜ್ಜಿ, “ಕಾಸು ಯಾಕಪ್ಪ, ಮೀನಿಗೆ ಕೊಡು” ಅಂದರು. ಎರಡು ಸಾವಿರ ಮೀನಿಗೇ ಹೋಯಿತು. ಹೆಜ್ಜಾರ್ಲೆ ಮರಿ ಕೊಕ್ಕಿನ ಕೆಳಗಿನ ಚೀಲ ಅಗಲಿಸಿ ಮೀನು ನುಂಗುವಾಗ ಕತ್ತು ಒಂದು ಸಲ ಉಬ್ಬಿ ಇಳಿಯುತ್ತದೆ. ಕೊಟ್ಟ ದುಡ್ಡು ಒಳಗೆ ಹೋದದ್ದನ್ನು ಕಣ್ಣಾರೆ ಕಂಡದ್ದು ಅಲ್ಲೊಂದೇ. ರಸೀದಿ? ಇಲ್ಲ. ಡಿಸೆಂಬರ್ ಕಳೆದ ಮೇಲೆ ಹೋಗಿ, ಮಳೆಗಾಲದಲ್ಲಿ ಹೋದರೆ ಬರೀ ಮರ ನೋಡಿ ಬರಬೇಕು.

ಕೊನೆಯದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಕಾವೇರಿ ಪಡುವಣಕ್ಕೆ ತಿರುಗುವ ಜಾಗ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಕಸ ಎತ್ತುವವರ ಜೊತೆ ನಾನೂ ಸೇರಿಕೊಂಡೆ. ಇಲ್ಲಿ ದುಡ್ಡು ಯಾರೂ ಕೇಳಲಿಲ್ಲ, ಈ ಕೆಲಸ ಕೇಳಿದ್ದು ಸೊಂಟವನ್ನು. ನೀರಲ್ಲಿ ನೆನೆದ ಬಟ್ಟೆಯಷ್ಟು ಭಾರದ್ದು ಬೇರೆ ಇಲ್ಲ. ಕಲ್ಲಿನ ಮೆಟ್ಟಿಲ ಸಂದಿಯಿಂದ ಒಂದು ಸೀರೆ ಎಳೆಯಲು ಇಬ್ಬರು ಬೇಕಾಯಿತು. ಅಂಚು ಹಸಿರು. ಅಸ್ಥಿ ಬಿಟ್ಟ ದಿನ ನಾವೂ ಅಮ್ಮನ ಸೀರೆಯನ್ನು ಇಲ್ಲೇ ಬಿಟ್ಟು ಹೋಗಿದ್ದೆವು. ಪುರೋಹಿತರು ಹೇಳಿದರು, ನಾವು ಬಿಟ್ಟೆವು.

ತೆರಿಗೆ ಉಳಿಯಬೇಕು, ಓಡಾಡಲು ಪುರುಸೊತ್ತಿಲ್ಲ ಅನ್ನುವವರಿಗೆ ಮೃಗಾಲಯವೇ ಸರಿ. ನಾಯಿಗಳಿಗೆ ಕೊಡುವುದಾದರೆ ಮೊದಲು ಔಷಧಿ ಚೀಟಿ ಕೇಳಿ ತೆಗೆದುಕೊಳ್ಳಿ. ನಾನು ಈ ಸಲ ಆರು ಸಾವಿರವನ್ನೂ ಮೀನಿಗೆ ಹಾಕುತ್ತೇನೆ. ಪಶ್ಚಿಮವಾಹಿನಿಗೆ ಬರೋರು ದಪ್ಪ ಗ್ಲೌಸ್ ತನ್ನಿ, ಮಡಕೆ ಚೂರು ಜಾಸ್ತಿ.