ಆಡಳಿತ ಮಂಡಳಿ ಸದಸ್ಯರ ತರಬೇತಿ ಶಿಬಿರ, ಮಡಿಕೇರಿ: ಒಂದು ವಿಮರ್ಶೆ

ಕಾಲೇಜುಗಳ ಆಡಳಿತ ಮಂಡಳಿ ಸದಸ್ಯರಿಗಾಗಿ ಬೆಂಗಳೂರಿನ ಖಾಸಗಿ ಸಲಹಾ ಸಂಸ್ಥೆಯೊಂದು ಮಡಿಕೇರಿಯಲ್ಲಿ ಎರಡು ದಿನಗಳ ತರಬೇತಿ ಶಿಬಿರವನ್ನು ನಡೆಸಿತು. ದಕ್ಷಿಣ ಕೊಡಗಿನ ಅನುದಾನಿತ ಪದವಿ ಕಾಲೇಜೊಂದರ ಆಡಳಿತ ಮಂಡಳಿಯ ಸದಸ್ಯನಾಗಿ ನಾನು ಶುಲ್ಕ ಕಟ್ಟಿ ಇದರಲ್ಲಿ ಭಾಗವಹಿಸಿದ್ದೆ. ಇಲ್ಲಿ ಹೇಳಬೇಕಾಗಿರುವುದು ಶಿಬಿರದಲ್ಲಿ ಏನನ್ನು ಕಲಿಸಿದರು, ಏನನ್ನು ಬಿಟ್ಟರು ಎಂಬುದನ್ನು ಮಾತ್ರ. ಆದ್ದರಿಂದ ಸಂಸ್ಥೆಯ ಹೆಸರನ್ನು ಪ್ರಸ್ತಾಪಿಸುತ್ತಿಲ್ಲ. ಮೊದಲ ದಿನದ ಪಾಠ ಕೊಟ್ಟ ಹಣಕ್ಕೆ ತಕ್ಕದ್ದಾಗಿತ್ತು. ಎರಡನೆಯ ದಿನದ ಪಾಠ ನಮ್ಮ ಕಾಲೇಜುಗಳಿಗೆ ಅನ್ವಯಿಸುವಂಥದ್ದೇ ಆಗಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಪ್ರತಿ ಮೇಜಿಗೂ ಒಂದೊಂದು ಮಾದರಿ ಕಾರ್ಯಸೂಚಿಯನ್ನು ಹಂಚಿದರು. ಶುಲ್ಕ ಪರಿಷ್ಕರಣೆ, ಲೆಕ್ಕಪರಿಶೋಧಕರ ನೇಮಕ, ಅತಿಥಿ ಉಪನ್ಯಾಸಕರ ಆಯ್ಕೆ, ಗ್ರಂಥಾಲಯದ ಪುಸ್ತಕ ಖರೀದಿ, ವಿದ್ಯಾರ್ಥಿಯೊಬ್ಬನ ಅಮಾನತು, ವೇಳಾಪಟ್ಟಿಯ ಬದಲಾವಣೆ, ಸೋರುತ್ತಿರುವ ಪ್ರಯೋಗಾಲಯದ ಮಾಡಿನ ದುರಸ್ತಿ ಮುಂತಾದ ವಿಷಯಗಳು ಅದರಲ್ಲಿದ್ದವು. ಪ್ರತಿಯೊಂದರ ಮುಂದೆಯೂ ಅದು ಮಂಡಳಿಯ ಕೆಲಸವೋ ಪ್ರಾಂಶುಪಾಲರ ಕೆಲಸವೋ ಎಂದು ಬರೆಯಬೇಕಿತ್ತು. ನಮ್ಮ ಮೇಜಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಂಡಳಿಯ ಪಾಲಿಗೇ ಬಂದವು. ಪಕ್ಕದಲ್ಲಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರು, "ಇದನ್ನೆಲ್ಲ ನಾವು ನೋಡದೆ ಇನ್ಯಾರು ನೋಡಬೇಕು?" ಎಂದು ನೇರವಾಗಿಯೇ ಕೇಳಿದರು.

ತರಬೇತುದಾರರು ಈ ಪ್ರಶ್ನೆಯನ್ನು ತಳ್ಳಿಹಾಕದೆ ಮಾಡಿನ ದುರಸ್ತಿಯನ್ನೇ ಉದಾಹರಣೆಗೆ ಎತ್ತಿಕೊಂಡರು. ವರ್ಷಕ್ಕೆ ದುರಸ್ತಿಗೆಂದು ಎಷ್ಟು ಹಣ ತೆಗೆದಿಡಬೇಕು, ಎಷ್ಟು ಮೊತ್ತದವರೆಗೆ ಪ್ರಾಂಶುಪಾಲರು ಯಾರನ್ನೂ ಕೇಳದೆ ಖರ್ಚು ಮಾಡಬಹುದು, ಆ ಖರ್ಚಿನ ಲೆಕ್ಕ ಯಾವಾಗ ಮಂಡಳಿಯ ಮುಂದೆ ಬರಬೇಕು ಎಂಬ ಮೂರನ್ನು ತೀರ್ಮಾನಿಸುವುದು ಮಂಡಳಿಯ ಕೆಲಸ. ಯಾವ ಮೇಸ್ತ್ರಿಯನ್ನು ಕರೆಯಬೇಕು, ಎಂದು ಕರೆಯಬೇಕು ಎಂಬುದು ಪ್ರಾಂಶುಪಾಲರಿಗೆ ಬಿಟ್ಟದ್ದು ಎಂದು ಅವರು ವಿವರಿಸಿದರು. ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮಳೆಯಲ್ಲಿ ಹೆಂಚು ಒಡೆದು ನೀರು ಉಪಕರಣಗಳ ಮೇಲೆ ಬೀಳುತ್ತಿದ್ದರೂ, ಮುಂದಿನ ಸಭೆಯಲ್ಲಿ ಒಪ್ಪಿಗೆ ಸಿಗುವವರೆಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಕಾಯುವ ಕಾಲೇಜುಗಳನ್ನು ಕಂಡವರಿಗೆ ಈ ವಿಂಗಡಣೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಧ್ಯಾಹ್ನದ ಅವಧಿ ನಡಾವಳಿ ಪುಸ್ತಕಕ್ಕೆ ಮೀಸಲಾಗಿತ್ತು. ಇಡೀ ಶಿಬಿರದಲ್ಲಿ ಅತ್ಯಂತ ಉಪಯುಕ್ತವಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಹೆಸರುಗಳನ್ನು ಅಳಿಸಿದ ಒಂದು ನಡಾವಳಿಯ ಪುಟವನ್ನು ಪರದೆಯ ಮೇಲೆ ತೋರಿಸಿ, ಆ ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಹೇಳಿರಿ ಎಂದರು. ಎಂಟು ವಿಷಯಗಳಿಗೂ ಒಂದೇ ವಾಕ್ಯವಿತ್ತು: "ಚರ್ಚಿಸಿ ಅನುಮೋದಿಸಲಾಯಿತು." ಮೊತ್ತವೆಷ್ಟು, ಜಾರಿಗೆ ತರುವವರು ಯಾರು, ಅವಧಿಯೆಷ್ಟು, ಯಾರಾದರೂ ವಿರೋಧ ಸೂಚಿಸಿದರೇ, ಯಾವುದೂ ಅದರಲ್ಲಿರಲಿಲ್ಲ. ಐದು ವರ್ಷಗಳ ನಂತರ ಹೊಸ ಕಾರ್ಯದರ್ಶಿ ಬಂದಾಗ ಅಥವಾ ವ್ಯಾಜ್ಯ ಹುಟ್ಟಿದಾಗ ಇಂಥ ನಡಾವಳಿಯಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ ಎಂದು ತೋರಿಸಿಕೊಟ್ಟ ಬಗೆ ಮನಸ್ಸಿಗೆ ನಾಟುವಂತಿತ್ತು. ನಮ್ಮ ಮಂಡಳಿಯಲ್ಲಿ ಈಗ ಪ್ರತಿ ನಿರ್ಣಯದ ಕೆಳಗೆ ಹೊಣೆ ಹೊತ್ತವರ ಹೆಸರನ್ನೂ ಗಡುವನ್ನೂ ಬರೆಯುತ್ತಿದ್ದೇವೆ.

ಆದರೆ ಹಿತಾಸಕ್ತಿ ಸಂಘರ್ಷದ ವಿಷಯವನ್ನು ಅದೇ ಸಂಜೆ ಕೆಲವೇ ನಿಮಿಷಗಳಲ್ಲಿ ಮುಗಿಸಿದ್ದು ನನಗೆ ಬೇಸರ ತಂದಿತು. ಕೊಡಗು ಚಿಕ್ಕ ಜಿಲ್ಲೆ. ಒಂದು ಒಕ್ಕದವರಿಗೆ, ಅಂದರೆ ಕೊಡವರ ಒಂದು ಮನೆತನದವರಿಗೆ, ಇನ್ನೊಂದು ಒಕ್ಕದೊಡನೆ ಯಾವುದಾದರೊಂದು ಮದುವೆಯ ನಂಟು ಇದ್ದೇ ಇರುತ್ತದೆ. ಕಟ್ಟಡದ ಗುತ್ತಿಗೆದಾರನೋ ಉದ್ಯೋಗಕ್ಕೆ ಅರ್ಜಿ ಹಾಕಿದವರೋ ಸದಸ್ಯರೊಬ್ಬರ ಸಂಬಂಧಿಯಾಗಿರುವುದು ಇಲ್ಲಿ ಅಪರೂಪವಲ್ಲ. "ಸಂಬಂಧಿಕರೊಡನೆ ವ್ಯವಹಾರ ಬೇಡ" ಎಂಬ ಒಂದು ಸಾಲಿನ ಉಪದೇಶ ನಮ್ಮಂಥ ಊರಿನಲ್ಲಿ ನಡೆಯುವಂಥದ್ದಲ್ಲ. ಸಂಬಂಧವನ್ನು ಮೊದಲೇ ಬರಹದಲ್ಲಿ ತಿಳಿಸುವುದು, ಆ ವಿಷಯ ಬಂದಾಗ ಸಭೆಯಿಂದ ಎದ್ದು ಹೋಗುವುದು, ಹಾಗೆ ಹೋದದ್ದನ್ನು ನಡಾವಳಿಯಲ್ಲಿ ದಾಖಲಿಸುವುದು ಹೇಗೆಂದು ಮಾದರಿ ಪತ್ರಗಳೊಡನೆ ಕಲಿಸಬೇಕಾಗಿತ್ತು. ಹಿರಿಯರೊಬ್ಬರಿಗೆ, ಅದರಲ್ಲೂ ಕಾಲೇಜಿಗೆ ಜಾಗ ದಾನ ಮಾಡಿದ ಮನೆತನದವರಿಗೆ, "ಸ್ವಲ್ಪ ಹೊತ್ತು ಹೊರಗಿರಿ" ಎಂದು ಹೇಳುವುದು ಎಷ್ಟು ಕಷ್ಟವೆಂಬುದು ಅಂಥ ಸಭೆಯಲ್ಲಿ ಕುಳಿತವರಿಗೇ ಗೊತ್ತು.

ಎರಡನೆಯ ದಿನದ ಬಹುಭಾಗ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸಂದಿತು. ಅಲ್ಲಿನ ಅಧ್ಯಾಪಕರ ಸಂಘ, ಉನ್ನತ ಶಿಕ್ಷಣ ಸಂಸ್ಥೆಗಳ ಪರಿಷತ್ತು ಮತ್ತು ಆಡಳಿತ ಮಂಡಳಿಗಳ ಸಂಘ ಸೇರಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಆಡಳಿತವನ್ನು ಕುರಿತು 1966ರಲ್ಲಿ ರೂಪಿಸಿದ ಹೇಳಿಕೆಯನ್ನು ವಿವರವಾಗಿ ಓದಿಸಿದರು. ಪಠ್ಯ, ಬೋಧನಾ ವಿಧಾನ ಮತ್ತು ಅಧ್ಯಾಪಕರ ಸ್ಥಾನಮಾನದ ವಿಷಯದಲ್ಲಿ ಅಧ್ಯಾಪಕ ವರ್ಗದ್ದೇ ಪ್ರಾಥಮಿಕ ಹೊಣೆ, ಮಂಡಳಿ ದಿನನಿತ್ಯದ ಆಡಳಿತವನ್ನು ಸಂಸ್ಥೆಯ ಮುಖ್ಯಸ್ಥರಿಗೆ ವಹಿಸಿ ಒಟ್ಟಾರೆ ನೀತಿ ಮತ್ತು ಸಂಪನ್ಮೂಲಗಳನ್ನು ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ತತ್ವ ಒಳ್ಳೆಯದೇ. ಆದರೆ ಇಲ್ಲಿನ ಸಂಯೋಜಿತ ಅನುದಾನಿತ ಕಾಲೇಜಿನ ಪಠ್ಯವನ್ನು ನಿರ್ಧರಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ. ಅನುದಾನಿತ ಹುದ್ದೆಗಳ ವೇತನ ಬರುವುದು ಸರ್ಕಾರದಿಂದ. ಆ ಹುದ್ದೆ ತುಂಬುವುದಕ್ಕೂ ಸರ್ಕಾರದ ಅನುಮತಿ ಬೇಕು. ದತ್ತಿನಿಧಿಯ ಹೂಡಿಕೆಯ ಬಗ್ಗೆ ಅರ್ಧ ದಿನ ಕೇಳಿದ ನಮ್ಮ ಸದಸ್ಯರಿಗೆ, ಖಾಲಿ ಬಿದ್ದಿರುವ ಅನುದಾನಿತ ಹುದ್ದೆಗಳ ಜಾಗದಲ್ಲಿ ಅತಿಥಿ ಉಪನ್ಯಾಸಕರ ಸಂಭಾವನೆಯನ್ನು ಹೊಂದಿಸುವುದೇ ಪ್ರತಿ ವರ್ಷದ ಚಿಂತೆ.

ನಮ್ಮ ಹೊಣೆಗಾರಿಕೆ ಹುಟ್ಟುವುದು ನಮ್ಮ ಕಾನೂನುಗಳಿಂದ. ಬಹಳಷ್ಟು ಆಡಳಿತ ಮಂಡಳಿಗಳ ಹಿಂದೆ ಇರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾದ ವಿದ್ಯಾಸಂಘ. ವಾರ್ಷಿಕ ಮಹಾಸಭೆ ನಡೆಸಿ, ಲೆಕ್ಕಪತ್ರಗಳನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಸಲ್ಲಿಸುವುದು ಅದರ ಕರ್ತವ್ಯ. ಸಿಬ್ಬಂದಿಯೊಬ್ಬರನ್ನು ಸೇವೆಯಿಂದ ತೆಗೆಯಬೇಕಾದರೆ ಕ್ರಮಬದ್ಧ ವಿಚಾರಣೆ ನಡೆಯಲೇಬೇಕು. ಬಾಧಿತರಿಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಹಕ್ಕಿದೆ. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಕೊಟ್ಟ ತೀರ್ಪು, ಅನುದಾನರಹಿತ ಖಾಸಗಿ ಸಂಸ್ಥೆಗಳಿಗೆ ಆಡಳಿತದಲ್ಲಿ ಹೆಚ್ಚಿನ ಸ್ವಾತಂತ್ರ್ಯವಿದೆ, ಅನುದಾನ ಪಡೆಯುವವರ ಮೇಲೆ ಸರ್ಕಾರದ ನಿಯಂತ್ರಣ ಹೆಚ್ಚಿರಬಹುದು ಎಂಬ ವ್ಯತ್ಯಾಸವನ್ನು ಗುರುತಿಸಿತು. ಕರಾವಳಿಯ ಮಣಿಪಾಲದಿಂದ ಹೊರಟ ಆ ಪ್ರಕರಣದ ಹೆಸರನ್ನು ಸಹ ಎರಡು ದಿನಗಳಲ್ಲಿ ಯಾರೂ ಎತ್ತಲಿಲ್ಲ.

ವಿಶ್ವವಿದ್ಯಾಲಯದ ಮಟ್ಟದ ಆಡಳಿತವನ್ನು ಕುರಿತೂ ಇದೇ ಮಾತು ಹೇಳಬೇಕಾಗುತ್ತದೆ. ಹಾರ್ವರ್ಡ್‌ನ ಎರಡು ಮಂಡಳಿಗಳ ಚಿತ್ರ ತೋರಿಸಿದವರು, 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಲ್ಲಿ ಸಿಂಡಿಕೇಟ್ ಎಂಬ ಕಾರ್ಯಕಾರಿ ಮಂಡಳಿಯ ಅಧಿಕಾರವೇನು, ವಿದ್ಯಾವಿಷಯಕ ಪರಿಷತ್ತಿನ ಅಧಿಕಾರವೇನು, ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರ ಪಾತ್ರವೇನು ಎಂಬುದನ್ನು ಹೇಳಬಹುದಿತ್ತು. ಇದು ನಮಗೆ ದೂರದ ಸಂಗತಿಯಲ್ಲ. 1980ರಿಂದ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಗೆ 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ ಸಚಿವ ಸಂಪುಟದ ಉಪಸಮಿತಿಯಿಂದ ಬಂದಾಗ ಆ ಪಟ್ಟಿಯಲ್ಲಿ ಕೊಡಗಿನ ಹೆಸರೂ ಇತ್ತು. ಸಂಯೋಜನೆ ನೀಡುವ ವಿಶ್ವವಿದ್ಯಾಲಯದ ಭವಿಷ್ಯವೇ ಚರ್ಚೆಗೆ ಬಂದಾಗ, ಕಾಲೇಜಿನ ಮಂಡಳಿ ಯಾರಿಗೆ ಪತ್ರ ಬರೆಯಬೇಕು, ವಿದ್ಯಾರ್ಥಿಗಳಿಗೆ ಮತ್ತು ಪೋಷಕರಿಗೆ ಏನು ಹೇಳಬೇಕು? ಈ ಪ್ರಶ್ನೆಯನ್ನು ನಾನು ಸಭೆಯಲ್ಲಿ ಎತ್ತಿದೆ. ಅದು ಪಠ್ಯದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು.

ಏರ್ಪಾಟುಗಳ ಬಗ್ಗೆ ದೂರಿಲ್ಲ. ಊಟ, ಆಸನ, ಸಮಯಪಾಲನೆ ಎಲ್ಲವೂ ಅಚ್ಚುಕಟ್ಟಾಗಿದ್ದವು. ಆದರೆ ಕಾಫಿ ಕೊಯ್ಲಿನ ನಡುವೆ ಜನವರಿಯಲ್ಲಿ ಶಿಬಿರ ಇಟ್ಟಿದ್ದರಿಂದ ಬೆಳೆಗಾರರಾದ ಎಷ್ಟೋ ಸದಸ್ಯರು ಬರಲಾಗಲಿಲ್ಲ. ತರಬೇತುದಾರರು ಸೊಗಸಾದ ಕನ್ನಡದಲ್ಲಿ ಮಾತನಾಡಿದರೂ ಕೈಗೆ ಕೊಟ್ಟ ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಡಾವಳಿಯನ್ನು ಕನ್ನಡದಲ್ಲಿ ಬರೆಯುವ ಮಂಡಳಿಗಳಿಗೆ ಅದರ ಮಾದರಿಗಳು ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಯಿಂದ ಬಂದಿದ್ದವರೊಬ್ಬರು, ಶಾಸಕರ ಅಧ್ಯಕ್ಷತೆಯ ತಮ್ಮ ಸಮಿತಿಗೆ ಅನ್ವಯಿಸುವ ವಿಷಯ ಇಲ್ಲಿಲ್ಲವೆಂದು ಮೊದಲ ದಿನವೇ ಹೊರಟುಹೋದರು.

ಖಾಸಗಿ ಅಥವಾ ಅನುದಾನಿತ ಕಾಲೇಜಿನ ಮಂಡಳಿಗೆ ಹೊಸದಾಗಿ ಸೇರಿದವರು ಮೊದಲ ದಿನದ ಮಟ್ಟಿಗಾದರೂ ಈ ಶಿಬಿರಕ್ಕೆ ಹೋಗುವುದು ಒಳ್ಳೆಯದು. ಸಾಧ್ಯವಾದರೆ ಪ್ರಾಂಶುಪಾಲರನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು, ಏಕೆಂದರೆ ಆ ಕಾರ್ಯಸೂಚಿಯ ಹಾಳೆಯನ್ನು ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ತುಂಬಿದಾಗಲೇ ಅದರ ಪ್ರಯೋಜನ. ಆಯೋಜಕರು ಎರಡನೆಯ ದಿನವನ್ನು ಪೂರ್ತಿಯಾಗಿ ಬದಲಿಸಿ, ಕಾಲೇಜು ಶಿಕ್ಷಣ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರನ್ನೂ ಸೇವಾ ಕಾನೂನು ಬಲ್ಲ ವಕೀಲರೊಬ್ಬರನ್ನೂ ಕರೆಸುವಂತೆ ಲಿಖಿತವಾಗಿ ಕೋರಿದ್ದೇನೆ. ಮುಂದಿನ ಶಿಬಿರವನ್ನು ಕೊಯ್ಲು ಮುಗಿದ ಮೇಲೆ, ಶೈಕ್ಷಣಿಕ ವರ್ಷದ ಬಜೆಟ್ ಸಭೆಗೆ ಮುಂಚೆ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ನಡೆಸುವುದಾದರೆ ನಮ್ಮ ಮಂಡಳಿಯಿಂದ ಅಧ್ಯಕ್ಷರೂ ಖಜಾಂಚಿಯವರೂ ಬರಲು ಒಪ್ಪಿದ್ದಾರೆ.